ಗಂಟಿಲ್ಲದ ಗಟ್ಟಿ ಸಾರು

ಅಕ್ಕಂದಿರೇ, ಮುದ್ದೆಯನ್ನು ನಾವು ಅಗಿಯುವುದಿಲ್ಲ. ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಸಾರು ನೀರಾದರೆ ಮುದ್ದೆಗೆ ಹಿಡಿಯುವುದಿಲ್ಲ. ತಟ್ಟೆಯ ಅಂಚಿಗೆ ಓಡುತ್ತದೆ. ಸಾರು ತರಿತರಿಯಾದರೆ ಗಂಟಲಿಗೆ ತಾಗುತ್ತದೆ. ಗಂಟಾದರೆ ಕೇಳುವುದೇ ಬೇಡ. ಉಣ್ಣುವವರು ಮುಖ ಕಿವುಚುತ್ತಾರೆ. ಬೈಸಿಕೊಳ್ಳುವವಳು ಅಡುಗೆ ಮಾಡಿದವಳು.

ಇನ್ನೊಂದು ಮಾತು. ನಮ್ಮ ಮನೆಗಳಲ್ಲಿ ಮಾಂಸ ದಿನಾ ಬೇಯುವುದಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಮಳೆ ಕಡಿಮೆ ಇರುವ ಸೀಮೆ. ವರವು ಕಾವಲ್ ಹಿಂದೆ ಅಮೃತಮಹಲ್ ದನಗಳ ಹುಲ್ಲುಗಾವಲು. ಸುತ್ತಲ ಹಳ್ಳಿಗಳ ಕುರಿ, ಮೇಕೆಗಳೂ ಅಲ್ಲಿ ಮೇಯುತ್ತಿದ್ದವು. ಆಮೇಲೆ ಸರಕಾರ ಆ ನೆಲವನ್ನು ದೊಡ್ಡ ಸಂಸ್ಥೆಗಳಿಗೆ ಕೊಟ್ಟಿತು. 2017ರ ಮೇ ತಿಂಗಳಲ್ಲಿ ವರವು ಕಾವಲಿನಲ್ಲಿ ಡಿ.ಆರ್.ಡಿ.ಓ. ಸಂಸ್ಥೆಯ ವಿಮಾನ ಪರೀಕ್ಷಾ ಕೇಂದ್ರ ಶುರುವಾಯಿತು. ಮೇವಿನ ನೆಲ ಕಡಿಮೆಯಾಯಿತು. ಕುರಿ ಸಾಕುವವರ ಮನೆಯಲ್ಲೂ ಕುರಿ ಎಂದರೆ ಕಷ್ಟಕಾಲಕ್ಕೆ ಇಟ್ಟ ದುಡ್ಡು. ತಿನ್ನಲು ಅಲ್ಲ, ಮಾರಲು. ಗೌರಸಮುದ್ರದ ಮಾರಮ್ಮನ ಜಾತ್ರೆಗೋ, ಮನೆಗೆ ನೆಂಟರು ಬಂದಾಗಲೋ ಅರ್ಧ ಕೆ.ಜಿ. ಮಾಂಸ ಬರುತ್ತದೆ. ಉಣ್ಣುವವರು ಆರು ಜನ. ಮಾಂಸ ಎಲ್ಲರಿಗೂ ಸಾಲುವುದಿಲ್ಲ. ಆದರೆ ಸಾರು ಸಾಲಬೇಕು. ಆ ಸಾರಿನಲ್ಲಿ ಸತ್ವವೂ ಇರಬೇಕು.

ಹಾಗಾದರೆ ಗಟ್ಟಿ ಸಾರು ಮಾಡಲು ಹೆಚ್ಚು ಮಾಂಸ ಬೇಕೇ? ಹೆಚ್ಚು ಎಣ್ಣೆ ಬೇಕೇ? ಅಂಗಡಿಯ ಮಸಾಲೆ ಪುಡಿ ಬೇಕೇ? ಯಾವುದೂ ಬೇಡ. ನಮ್ಮ ಹೊಲದ ಶೇಂಗಾ ಬೇಕು. ಎರಡು ಚಮಚ ಹುರಿಗಡಲೆ ಬೇಕು. ಸಣ್ಣ ಉರಿ ಬೇಕು. ಸ್ವಲ್ಪ ತಾಳ್ಮೆ ಬೇಕು.

ಇಲ್ಲಿ ನಾಟಿ ಕೋಳಿಯ ಸಾರನ್ನು ಹೇಳುತ್ತೇವೆ. ನಮ್ಮ ಸೀಮೆಯ ಮ್ಯಾಸ ನಾಯಕರ ಹಟ್ಟಿಗಳಲ್ಲಿ ಕೋಳಿ ತಿನ್ನುವುದಿಲ್ಲ, ಸಾಕುವುದೂ ಇಲ್ಲ. ಅದು ಅವರ ಹಿರಿಯರಿಂದ ಬಂದ ಕಟ್ಟು. ಅವರು ಇದೇ ಕಾರಕ್ಕೆ ಕುರಿ ಮಾಂಸ ಹಾಕಬಹುದು. ಮಾಂಸ ಮುಟ್ಟದ ಮನೆಯವರು ಅವರೆಕಾಳು, ಬದನೆಕಾಯಿ ಹಾಕಬಹುದು. ಕಾರ ರುಬ್ಬುವ ರೀತಿ ಎಲ್ಲದಕ್ಕೂ ಒಂದೇ.

ಏನೇನು ಬೇಕು?

ಕೋಳಿ ಮಾಂಸ, ಮೂಳೆ ಸಮೇತ, ಅರ್ಧ ಕೆ.ಜಿ. ಈರುಳ್ಳಿ 3. ಟೊಮೆಟೊ 2. ಬೆಳ್ಳುಳ್ಳಿ 10 ಎಸಳು. ಹೆಬ್ಬೆಟ್ಟಿನಷ್ಟು ಶುಂಠಿ. ಕೊತ್ತಂಬರಿ ಬೀಜ 3 ಚಮಚ. ಒಣಮೆಣಸಿನಕಾಯಿ 8. ಇದರಲ್ಲಿ 5 ಬ್ಯಾಡಗಿ ಆದರೆ ಸಾರಿಗೆ ಒಳ್ಳೆಯ ಬಣ್ಣ ಬರುತ್ತದೆ. ಉಳಿದ 3 ಖಾರದ ಕಾಯಿ. ಕಾಳುಮೆಣಸು 10. ಲವಂಗ 3. ಒಂದು ತುಂಡು ಚೆಕ್ಕೆ. ಗಸಗಸೆ ಒಂದು ಸಣ್ಣ ಚಮಚ. ಶೇಂಗಾ ಬೀಜ ಒಂದು ಹಿಡಿ, ಎಂದರೆ ಸುಮಾರು 50 ಗ್ರಾಂ. ಹುರಿಗಡಲೆ 2 ಚಮಚ, ಎಂದರೆ ಸುಮಾರು 25 ಗ್ರಾಂ. ಎಣ್ಣೆ 3 ಚಮಚ. ಅರಿಶಿನ, ಉಪ್ಪು, ಕೊತ್ತಂಬರಿ ಸೊಪ್ಪು.

ಕೊಬ್ಬರಿ ಇದ್ದರೆ ಒಂದು ತುಂಡು ಹಾಕಿ. ಇಲ್ಲದಿದ್ದರೆ ಬೇಡ. ಕೊಬ್ಬರಿ ಕೊಡುವ ಗಟ್ಟಿಯನ್ನು ಶೇಂಗಾ ಕೊಡುತ್ತದೆ. ಗಸಗಸೆಯ ಬೆಲೆ ಹೆಚ್ಚು. ಅದನ್ನು ಬಿಟ್ಟರೂ ಸಾರು ಕೆಡುವುದಿಲ್ಲ.

ಮೊದಲು ಶೇಂಗಾ ಆರಿಸಿ

ಚಳ್ಳಕೆರೆಯನ್ನು ಎಣ್ಣೆ ನಗರ ಎನ್ನುತ್ತಾರೆ. ಶೇಂಗಾ ಎಣ್ಣೆಯ ಗಿರಣಿಗಳಿಂದ ಊರಿಗೆ ಈ ಹೆಸರು ಬಂತು. ಶೇಂಗಾ ನಮಗೆ ಹೊಸದಲ್ಲ. ಬಿತ್ತುವವರು ನಾವು, ಕೀಳುವವರು ನಾವು, ಕಾಯಿ ಬಿಡಿಸುವವರೂ ನಾವು. ಆದರೂ ಒಂದು ಮಾತು ಹೇಳಲೇಬೇಕು. ನಾವು ಒಳ್ಳೆಯ ಬೀಜವನ್ನು ಮಂಡಿಗೆ ಕಳಿಸುತ್ತೇವೆ. ಮುರುಟಿದ್ದು, ಕಪ್ಪಾದದ್ದು, ಬೂಷ್ಟು ಹಿಡಿದದ್ದು ಮನೆಗೆ ಉಳಿಯುತ್ತದೆ. "ಹುರಿದರೆ ಎಲ್ಲಾ ಹೋಗ್ತದೆ ಬಿಡು" ಎಂದು ಅದನ್ನೇ ಕಾರಕ್ಕೆ ಹಾಕುತ್ತೇವೆ.

ಇದು ಸರಿಯೇ? ಒಂದು ನಡೆದ ಸಂಗತಿ ಓದಿ.

ಟರ್ಕಿ ಕೋಳಿ ಎಂಬ ದೊಡ್ಡ ಕೋಳಿ ಇದೆ. ನಮ್ಮ ಕೋಳಿಗಿಂತ ಮೂರು ನಾಲ್ಕು ಪಟ್ಟು ದೊಡ್ಡದು. ಅದರ ಮೂಲ ಅಮೆರಿಕ. ಈಗ ನಮ್ಮ ದೇಶದಲ್ಲೂ ಕೆಲವರು ಸಾಕುತ್ತಾರೆ. 1960ರಲ್ಲಿ ಇಂಗ್ಲೆಂಡ್ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಯಾವ ರೋಗ ಎಂದು ಯಾರಿಗೂ ತಿಳಿಯಲಿಲ್ಲ. ವಿಜ್ಞಾನಿಗಳು ಹುಡುಕಿದರು. ಕೋಳಿಗಳ ಮೇವಿನಲ್ಲಿ ಶೇಂಗಾ ಹಿಂಡಿ ಇತ್ತು. ಆ ಹಿಂಡಿ ಬ್ರೆಜಿಲ್ ದೇಶದಿಂದ ಬಂದಿತ್ತು. ಅದಕ್ಕೆ ಬೂಷ್ಟು ಹಿಡಿದಿತ್ತು. ಆ ಬೂಷ್ಟಿನಲ್ಲಿ ವಿಷ ಇತ್ತು. ಆ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಿಟ್ಟರು.

ಈ ವಿಷ ಮನುಷ್ಯರಿಗೂ ಕೆಡುಕು. ಲಿವರನ್ನು ಹಾಳು ಮಾಡುತ್ತದೆ. ಹುರಿದರೂ, ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಕಣ್ಣಿಗೆ ಹಸಿರಾಗಿ, ಕಪ್ಪಾಗಿ ಕಾಣುವ ಬೀಜವನ್ನು ಆರಿಸಿ ಬಿಸಾಡಿ. ಮುರುಟಿದ್ದನ್ನೂ, ಕಹಿಯಾದದ್ದನ್ನೂ ಬಿಸಾಡಿ. ಕೋಳಿಗೆ ಹಾಕಬೇಡಿ. ಎಮ್ಮೆಗೂ ಹಾಕಬೇಡಿ. ಕಾಯಿಯನ್ನು ಚೆನ್ನಾಗಿ ಒಣಗಿಸಿ, ನೆಲದ ತೇವ ತಾಗದ ಹಾಗೆ ಹಲಗೆಯ ಮೇಲೆ ಚೀಲ ಇಡಿ. ಒಂದು ಹಿಡಿ ಬೀಜ ಆರಿಸಲು ಐದು ನಿಮಿಷ ಸಾಕು.

ಹುರಿಯುವುದು, ರುಬ್ಬುವುದು

ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಸುರಿಯಬೇಡಿ. ಶೇಂಗಾ ಹುರಿಯಲು ಹೆಚ್ಚು ಹೊತ್ತು ಬೇಕು. ಮೆಣಸಿನಕಾಯಿಗೆ ಅರ್ಧ ನಿಮಿಷ ಸಾಕು. ಒಟ್ಟಿಗೆ ಹಾಕಿದರೆ ಶೇಂಗಾ ಹಸಿಯಾಗಿರುತ್ತದೆ, ಮೆಣಸಿನಕಾಯಿ ಸೀದು ಹೋಗಿರುತ್ತದೆ. ಸೀದ ಮೆಣಸಿನಕಾಯಿಯಿಂದ ಸಾರು ಕಹಿ. ಬಣ್ಣವೂ ಕಪ್ಪು.

ಮೊದಲು ಶೇಂಗಾ ಹುರಿಯಿರಿ. ಉರಿ ಸಣ್ಣದಿರಲಿ. ಸಿಪ್ಪೆ ಚಟಪಟ ಎಂದು ಬಿಡುವಾಗ ಇಳಿಸಿ. ಆರಿದ ಮೇಲೆ ಕೈಯಲ್ಲಿ ಉಜ್ಜಿ. ಮೊರದಲ್ಲಿ ಕೇರಿ ಸಿಪ್ಪೆ ತೆಗೆಯಿರಿ. ಸಿಪ್ಪೆ ಉಳಿದರೆ ಸಾರು ಒಗರು. ನುಣ್ಣಗೆ ರುಬ್ಬಿದರೂ ಕೆಂಪು ಚುಕ್ಕೆ ತೇಲುತ್ತದೆ. ಆಮೇಲೆ ಕೊತ್ತಂಬರಿ ಬೀಜ, ಕಾಳುಮೆಣಸು, ಚೆಕ್ಕೆ, ಲವಂಗ ಹುರಿಯಿರಿ. ಘಮ ಬಂದರೆ ಆಯಿತು. ಗಸಗಸೆ ಹಾಕುವುದಿದ್ದರೆ ಆ ಬಿಸಿ ಬಾಣಲೆಯಲ್ಲೇ ಒಮ್ಮೆ ಬೆಚ್ಚಗೆ ಮಾಡಿ. ಕೊನೆಗೆ ಮೆಣಸಿನಕಾಯಿ. ಹುರಿಗಡಲೆ ಮೊದಲೇ ಹುರಿದದ್ದು. ಅದನ್ನು ಮತ್ತೆ ಹುರಿಯುವುದು ಬೇಡ.

ಈಗ ಎರಡು ಈರುಳ್ಳಿ ಹೆಚ್ಚಿ ಒಂದು ಚಮಚ ಎಣ್ಣೆಯಲ್ಲಿ ಬಾಡಿಸಿ. ಬೆಳ್ಳುಳ್ಳಿ, ಶುಂಠಿ, ಟೊಮೆಟೊ ಸೇರಿಸಿ. ಟೊಮೆಟೊ ಕರಗುವ ತನಕ ಬೇಯಲಿ.

ನುಣುಪಿನ ಗುಟ್ಟು ಇಲ್ಲಿದೆ. ಹುರಿದ ಕೊತ್ತಂಬರಿ ಬೀಜ, ಮೆಣಸಿನಕಾಯಿಯ ಮೇಲೆ ಒಂದು ಲೋಟ ಬಿಸಿನೀರು ಹಾಕಿ. ಹದಿನೈದು ನಿಮಿಷ ನೆನೆಯಲಿ. ಒಣಗಿದ ಸಿಪ್ಪೆ ಮೆತ್ತಗಾಗುತ್ತದೆ. ಮೆತ್ತಗಾದದ್ದು ಕಲ್ಲಿಗೆ ಬೇಗ ಸಿಗುತ್ತದೆ. ನೆನೆಸದೆ ಎಷ್ಟು ತಿರುವಿದರೂ ಮೆಣಸಿನಕಾಯಿಯ ಸಿಪ್ಪೆ ಉಳಿಯುತ್ತದೆ.

ರುಬ್ಬುವಾಗ ನೀರನ್ನು ಒಮ್ಮೆಗೇ ಸುರಿಯಬೇಡಿ. ನೀರು ಹೆಚ್ಚಾದರೆ ಕಾಳು ಕಲ್ಲಿನಡಿ ಸಿಗದೆ ಜಾರುತ್ತದೆ. ಮಿಕ್ಸಿಯಲ್ಲೂ ಹೀಗೆಯೇ. ಮೊದಲು ಗಟ್ಟಿಯಾಗಿ ರುಬ್ಬಿ. ಆಮೇಲೆ ಸ್ವಲ್ಪ ಸ್ವಲ್ಪ ನೀರು ಹಾಕಿ. ಒಂದು ಚಿಟಿಕೆ ಕಾರವನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ. ಬೆಣ್ಣೆಯ ಹಾಗೆ ಜಾರಬೇಕು. ತರಿ ಸಿಕ್ಕರೆ ಇನ್ನೂ ರುಬ್ಬಿ. ಒಳಕಲ್ಲು ತೊಳೆದ ನೀರನ್ನು ಚೆಲ್ಲಬೇಡಿ. ಅದೂ ಸಾರಿಗೆ ಹೋಗಲಿ.

ಬೇಯಿಸುವುದು

ಕೋಳಿಯ ಪುಕ್ಕ ತೆಗೆದು, ಬೆಂಕಿಯಲ್ಲಿ ಸುಟ್ಟು, ಅರಿಶಿನ ಹಚ್ಚಿ ತೊಳೆಯುವುದು ನಿಮಗೆ ಗೊತ್ತು. ಕಾಲು, ಕತ್ತು, ಬೆನ್ನಿನ ಮೂಳೆಯನ್ನು ಬಿಸಾಡಬೇಡಿ. ಮಾಂಸಕ್ಕಿಂತ ಮೂಳೆಯಿಂದಲೇ ಸಾರಿಗೆ ಮೈ ಬರುತ್ತದೆ. ಮೂಳೆ, ಚರ್ಮ, ಕೀಲುಗಳಲ್ಲಿ ಒಂದು ಬಗೆಯ ಅಂಟು ಇದೆ. ನಿಧಾನವಾಗಿ ಬೆಂದರೆ ಅದು ಕರಗಿ ಸಾರಿಗೆ ಇಳಿಯುತ್ತದೆ. ಕುರಿಯ ಕಾಲಿನ ಸಾರು ಆರಿದಾಗ ಗಟ್ಟಿಯಾಗಿ ನಿಲ್ಲುವುದನ್ನು ನೀವು ನೋಡಿಲ್ಲವೇ? ಅದೇ ಅಂಟು.

ಪಾತ್ರೆಯಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ. ಉಳಿದ ಒಂದು ಈರುಳ್ಳಿ ಹಾಕಿ. ಮಾಂಸ, ಅರಿಶಿನ, ಉಪ್ಪು ಹಾಕಿ. ಮಾಂಸ ತನ್ನ ನೀರು ಬಿಡುತ್ತದೆ. ಆ ನೀರು ಇಂಗುವ ತನಕ ಬಾಡಿಸಿ. ಈಗ ಕಾರ ಹಾಕಿ. ಕಾರವನ್ನೂ ಬಾಡಿಸಬೇಕು. ಹಸಿ ವಾಸನೆ ಹೋಗಬೇಕು. ಅಂಚಿನಲ್ಲಿ ಎಣ್ಣೆ ಬಿಡಬೇಕು. ಬಹಳ ಜನ ಇಲ್ಲಿ ಆತುರ ಮಾಡಿ ನೀರು ಸುರಿದುಬಿಡುತ್ತಾರೆ. ಹಾಗೆ ಮಾಡಿದ ಸಾರಿನಲ್ಲಿ ಕಾರ ಒಂದು ಕಡೆ, ನೀರು ಒಂದು ಕಡೆ.

ಎಣ್ಣೆ ಬಿಟ್ಟ ಮೇಲೆ ಐದು ಲೋಟ ಬಿಸಿನೀರು ಹಾಕಿ. ತಣ್ಣೀರು ಹಾಕಿದರೆ ಕುದಿ ನಿಂತು ಹೋಗುತ್ತದೆ. ಒಂದು ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ. ನಾಟಿ ಕೋಳಿ ಬೇಯಲು ಒಂದು ಗಂಟೆಯಾದರೂ ಬೇಕು. ಬಲಿತ ಕೋಳಿಗೆ ಇನ್ನೂ ಹೆಚ್ಚು. ಫಾರಂ ಕೋಳಿ ಅರ್ಧ ಗಂಟೆಯಲ್ಲಿ ಬೇಯುತ್ತದೆ. ನಡುನಡುವೆ ಸೌಟಿನಿಂದ ತಳ ಕೆದಕಿ. ಶೇಂಗಾ ಹಾಕಿದ ಸಾರು ಬೇಗ ತಳ ಹಿಡಿಯುತ್ತದೆ.

ಗಂಟು ಯಾಕೆ ಆಗುತ್ತದೆ?

ಒಂದು ಮನೆಯಲ್ಲಿ ಅತ್ತೆ, ಸೊಸೆ ಮಾತಾಡುವುದನ್ನು ಕೇಳಿ.

"ಅತ್ತೆ, ಸಾರು ಇನ್ನೂ ತೆಳ್ಳಗೆ ಐತೆ. ಒಂದು ಹಿಡಿ ರಾಗಿ ಹಿಟ್ಟು ಉದುರಿಸಲಾ?"

"ಅಯ್ಯೋ, ಹಂಗೆ ಉದುರಿಸಬ್ಯಾಡ ಕಣವ್ವ. ಗಂಟಾಗ್ತೈತೆ."

"ಕೈ ಬಿಡದಂಗೆ ತಿರುವ್ತೀನಿ ಅತ್ತೆ."

"ಎಷ್ಟು ತಿರುವಿದ್ರೂ ಅಷ್ಟೆಯಾ. ನೀನು ಮುದ್ದೆಗೆ ಎಸರು ಇಡ್ತೀಯಲ್ಲ, ಆಗ ಮೊದ್ಲು ಏನು ಮಾಡ್ತೀಯ?"

"ಒಂದು ಹಿಡಿ ಹಿಟ್ಟನ್ನ ತಣ್ಣೀರಲ್ಲಿ ಕದಡಿ ಎಸರಿಗೆ ಬಿಡ್ತೀನಿ."

"ಯಾಕೆ ಬಿಡ್ತೀಯ?"

"ನಮ್ಮವ್ವ ಹಂಗೆ ಹೇಳಿಕೊಟ್ಟಿದ್ಲು. ಗಂಟಾಗಬಾರ್ದು ಅಂತ."

"ಸಾರಿಗೂ ಅದೇ ಕಣವ್ವ."

ಅತ್ತೆಯ ಮಾತು ಸರಿ. ಒಣ ಹಿಟ್ಟು ಬಿಸಿ ಸಾರಿಗೆ ಬಿದ್ದ ಕೂಡಲೇ ಹೊರಗಿನ ಹಿಟ್ಟು ಬೇಯುತ್ತದೆ. ಬೆಂದು ಅಂಟಾಗುತ್ತದೆ. ಒಳಗೆ ನೀರು ಹೋಗುವ ದಾರಿ ಮುಚ್ಚುತ್ತದೆ. ಒಳಗಿನ ಹಿಟ್ಟು ಒಣಗಿಯೇ ಉಳಿಯುತ್ತದೆ. ಇದೇ ಗಂಟು. ತಣ್ಣೀರಿನಲ್ಲಿ ಹಿಟ್ಟು ಬೇಯುವುದಿಲ್ಲ. ಅಲ್ಲಿ ಪ್ರತಿಯೊಂದು ಕಣವೂ ಬಿಡಿಬಿಡಿಯಾಗಿ ನೆನೆಯುತ್ತದೆ. ಆಮೇಲೆ ಸಾರಿಗೆ ಬಿಟ್ಟರೆ ಬಿಡಿಬಿಡಿಯಾಗಿಯೇ ಬೇಯುತ್ತದೆ.

ಆದ್ದರಿಂದ ಒಂದು ಚಮಚ ರಾಗಿ ಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಕದಡಿ. ಒಂದು ಕೈಯಲ್ಲಿ ಸಣ್ಣಗೆ ಬಿಡಿ, ಇನ್ನೊಂದು ಕೈಯಲ್ಲಿ ತಿರುವಿ. ಐದು ನಿಮಿಷ ಕುದಿಸಿ. ಹಿಟ್ಟು ಬೆಂದ ಮೇಲೆಯೇ ಸಾರು ಗಟ್ಟಿಯಾಗುತ್ತದೆ. ಹಾಕಿದ ಕೂಡಲೇ ಗಟ್ಟಿಯಾಗಲಿಲ್ಲ ಎಂದು ಇನ್ನಷ್ಟು ಹಿಟ್ಟು ಹಾಕಬೇಡಿ. ಆರಿದಾಗ ಸಾರು ಹೋಗಿ ಅಂಬಲಿ ಆದೀತು. ಹುರಿಗಡಲೆ ಹಿಟ್ಟಾದರೂ, ಅಕ್ಕಿ ಹಿಟ್ಟಾದರೂ ಹೀಗೆಯೇ.

ಅಮೆರಿಕದ ಹೆಂಗಸರಿಗೂ ಇದೇ ಚಿಂತೆ! ಅಲ್ಲಿ ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಒಂದು ಹಬ್ಬ. ಆ ದಿನ ಇಡೀ ಟರ್ಕಿ ಕೋಳಿಯನ್ನು ಬೇಯಿಸುತ್ತಾರೆ. ಕೋಳಿಯಿಂದ ಇಳಿದ ರಸ, ಕೊಬ್ಬಿನಿಂದ ಗಟ್ಟಿ ಸಾರು ಮಾಡುತ್ತಾರೆ. ಅದಕ್ಕೆ ಗ್ರೇವಿ ಎನ್ನುತ್ತಾರೆ. ಅವರು ಗೋಧಿ ಹಿಟ್ಟನ್ನು ಮೊದಲು ಆ ಕೊಬ್ಬಿನಲ್ಲಿ ಹುರಿಯುತ್ತಾರೆ. ಕಣಕಣಕ್ಕೂ ಜಿಡ್ಡು ಹತ್ತುತ್ತದೆ. ಜಿಡ್ಡು ಹತ್ತಿದ ಕಣ ಒಂದಕ್ಕೊಂದು ಅಂಟುವುದಿಲ್ಲ. ನಾವು ಕಾರವನ್ನು ಎಣ್ಣೆಯಲ್ಲಿ ಬಾಡಿಸುವುದರಿಂದಲೂ ಇದೇ ಲಾಭ. ಕೋಳಿ ಬೇರೆ, ಹಿಟ್ಟು ಬೇರೆ. ಕೆಲಸ ಒಂದೇ.

ಗಂಟಾಗಿಯೇ ಹೋಯಿತು. ಈಗೇನು ಮಾಡುವುದು? ಮಾಂಸದ ತುಂಡನ್ನು ಬೇರೆ ತೆಗೆಯಿರಿ. ಸಾರನ್ನು ಜರಡಿಯಲ್ಲಿ ಸೋಸಿ. ಜರಡಿಯಲ್ಲಿ ಉಳಿದ ಗಂಟನ್ನು ಸೌಟಿನಿಂದ ಒತ್ತಿ ಕರಗಿಸಿ. ಮತ್ತೆ ಕುದಿಸಿ. ಯಾರಿಗೂ ತಿಳಿಯುವುದಿಲ್ಲ. ಉಪ್ಪು ಹೆಚ್ಚಾದರೆ ಆಲೂಗಡ್ಡೆ ಹಾಕು ಎನ್ನುತ್ತಾರೆ. ಆಲೂಗಡ್ಡೆ ಬರೀ ಉಪ್ಪನ್ನೇ ಆರಿಸಿ ಎಳೆದುಕೊಳ್ಳುವುದಿಲ್ಲ. ಸ್ವಲ್ಪ ಬಿಸಿನೀರು, ಸ್ವಲ್ಪ ರುಬ್ಬಿದ ಶೇಂಗಾ ಹಾಕಿ ಕುದಿಸುವುದೇ ದಾರಿ. ಸಾರು ತಳ ಸೀದರೆ ಕೆದಕಬೇಡಿ. ಮೇಲಿನದನ್ನು ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸಿ.

ಪೊಟ್ಟಣವನ್ನು ಓದಿ

ಕೂಲಿಗೆ ಹೋಗಿ ಬಂದವಳಿಗೆ ಕಾರ ರುಬ್ಬಲು ಪುರುಸೊತ್ತು ಇರುವುದಿಲ್ಲ. ಅಂಗಡಿಯ ಮಸಾಲೆ ಪುಡಿ ತರುತ್ತಾಳೆ. ತರಲಿ, ತಪ್ಪಿಲ್ಲ. ಆದರೆ ಈಗ ನಿಮಗೆ ಓದು ಬರುತ್ತದೆ. ಪೊಟ್ಟಣವನ್ನು ತಿರುಗಿಸಿ ನೋಡಿ. ತೂಕ ಎಷ್ಟು? ಬೆಲೆ ಎಷ್ಟು? ಯಾವ ತಿಂಗಳು ತಯಾರಾಯಿತು? ಯಾವ ತಿಂಗಳವರೆಗೆ ಬಳಸಬಹುದು? ಎಫ್.ಎಸ್.ಎಸ್.ಎ.ಐ. ಗುರುತು, ಅದರ ಜೊತೆ 14 ಅಂಕಿಯ ಸಂಖ್ಯೆ ಇದೆಯೇ? ಒಳಗೆ ಏನೇನು ಹಾಕಿದ್ದಾರೆ ಎಂದೂ ಬರೆದಿರುತ್ತದೆ. ಅದರಲ್ಲಿ ಉಪ್ಪು ಇದ್ದರೆ ಸಾರಿಗೆ ಉಪ್ಪು ಕಡಿಮೆ ಹಾಕಿ. ಎಷ್ಟೋ ಪೊಟ್ಟಣಗಳಲ್ಲಿ ಅಕ್ಷರ ಇಂಗ್ಲಿಷ್‌ನಲ್ಲಿ ಇರುತ್ತದೆ. ಅಂಕಿಯನ್ನಾದರೂ ನೀವು ಓದಬಲ್ಲಿರಿ. ಉಳಿದದ್ದನ್ನು ಶಾಲೆಗೆ ಹೋಗುವ ಮಗಳಿಂದ ಓದಿಸಿ. ಸುಮ್ಮನೆ ನಂಬಿ ತರಬೇಡಿ.

ಸಾರಿನ ಲೆಕ್ಕ

ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ನೂರು ಗ್ರಾಂ ಹುರಿಗಡಲೆಯಲ್ಲಿ ಸುಮಾರು 22 ಗ್ರಾಂ. ಪ್ರೋಟೀನ್ ಮೈ ಕಟ್ಟುವ ಸತ್ವ. ನಮ್ಮ ಕಾರದಲ್ಲಿ ಶೇಂಗಾ 50 ಗ್ರಾಂ, ಹುರಿಗಡಲೆ 25 ಗ್ರಾಂ. ಎರಡೂ ಸೇರಿ ಸುಮಾರು 18 ಗ್ರಾಂ ಪ್ರೋಟೀನ್ ಆಯಿತು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ಅಂದರೆ ಒಂದು ಹಿಡಿ ಶೇಂಗಾ, ಎರಡು ಚಮಚ ಹುರಿಗಡಲೆ ಹಾಕಿದ್ದರಿಂದ ಸಾರಿಗೆ ಮೂರು ಮೊಟ್ಟೆಯ ಪ್ರೋಟೀನ್ ಸೇರಿತು. ಬರೀ ನೀರು ಹಾಕಿ ಹಿಗ್ಗಿಸಿದ ಸಾರಿನಲ್ಲಿ ಇದು ಎಲ್ಲಿಂದ ಬಂದೀತು?

ಆದರೆ ಒಂದು ಸತ್ವ ಮಾತ್ರ ಸಾರಿಗಿಂತ ತುಂಡಿನಲ್ಲೇ ಹೆಚ್ಚು. ಅದು ಕಬ್ಬಿಣದ ಸತ್ವ. ರಕ್ತಕ್ಕೆ ಕೆಂಪು ಕೊಡುವುದು ಅದೇ. ಲಿವರಿನಲ್ಲಿ ಅದು ಬಹಳ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನರಿಗೆ ರಕ್ತ ಕಡಿಮೆ ಎಂದು ಗೊತ್ತಾಯಿತು. ಮನೆಯಲ್ಲಿ ತುಂಡು ಯಾರಿಗೆ ಹೋಗುತ್ತದೆ? ಮೊದಲು ಗಂಡಸರಿಗೆ, ಆಮೇಲೆ ಮಕ್ಕಳಿಗೆ. ಪಾತ್ರೆ ಬರಿದಾದ ಮೇಲೆ ಉಣ್ಣುವವಳು ಯಾರು?

ಅದೇ ಮನೆಯಲ್ಲಿ ಅತ್ತೆ ಒಂದು ಸಣ್ಣ ಡಬರಿ ತಂದಳು. ಎರಡು ಸೌಟು ಸಾರು, ಎರಡು ತುಂಡು, ಒಂದು ಚೂರು ಲಿವರ್ ಹಾಕಿ ಮುಚ್ಚಿಟ್ಟಳು.

"ಇದು ಯಾರಿಗೆ ಅತ್ತೆ?"

"ನಿಂಗೆ."

"ಇನ್ನೂ ಯಾರೂ ಉಂಡಿಲ್ಲ. ಮೊದ್ಲೇ ಎತ್ತಿಟ್ರೆ ಏನಂತಾರೆ?"

"ಏನೂ ಅನ್ನಲ್ಲ. ಆಶಾ ಅಕ್ಕ ಬಂದು ನಿಂಗೆ ರಕ್ತ ಕಮ್ಮಿ ಐತೆ ಅಂತ ನನ್ನ ಮುಂದೆನೇ ಹೇಳಿಲ್ವಾ? ಆಮ್ಯಾಕೆ ಎತ್ತಿಡ್ತೀನಿ ಅಂದ್ರೆ ತಳದಾಗೆ ಏನಿರ್ತೈತೆ? ನಾನು ಇಪ್ಪತ್ತು ವರ್ಷ ತಳ ಬಳಕೊಂಡು ಉಂಡಿದೀನಿ. ನಂಗೊತ್ತು."

"ನೀವೂ ಒಂದು ತುಂಡು ತಗಳ್ಳಿ ಹಂಗಾದ್ರೆ."

"ತಗಂತೀನಿ. ಇಬ್ರೂ ಒಟ್ಟಿಗೆ ಕುಂತು ಉಣ್ಣಾನ. ನಿಂಬೆಹಣ್ಣು ಇದ್ರೆ ಒಂದು ಹೋಳು ಹಿಂಡ್ಕೊ. ಉಂಡ ತಕ್ಷಣ ಟೀ ಕುಡೀಬ್ಯಾಡ ಅಂತನೂ ಹೇಳಿದಾರೆ."

ನಿಂಬೆಯ ಹುಳಿ ಕಬ್ಬಿಣದ ಸತ್ವ ಮೈಗೆ ಹತ್ತಲು ನೆರವಾಗುತ್ತದೆ. ಟೀ ಅದನ್ನು ತಡೆಯುತ್ತದೆ. ಉಂಡು ಒಂದು ಗಂಟೆ ಬಿಟ್ಟು ಟೀ ಕುಡಿಯಬಹುದು. ಆಸ್ಪತ್ರೆಯವರು ಕಬ್ಬಿಣದ ಮಾತ್ರೆ ಕೊಟ್ಟಿದ್ದರೆ ಅದನ್ನು ಬಿಡಬೇಡಿ. ಸಾರು ಮಾತ್ರೆಯ ಕೆಲಸ ಮಾಡುವುದಿಲ್ಲ.

ರಾತ್ರಿ ಮಿಕ್ಕ ಸಾರನ್ನು ಬೇಸಿಗೆಯಲ್ಲಿ ಹಾಗೆಯೇ ಇಡಬೇಡಿ. ಶೇಂಗಾ, ಮಾಂಸ ಎರಡೂ ಇರುವ ಸಾರು ಬೇಗ ಹಳಸುತ್ತದೆ. ಆದಷ್ಟು ಅಂದೇ ಮುಗಿಸಿ. ಫ್ರಿಜ್ ಇರುವವರು ಅದರಲ್ಲಿಟ್ಟು, ಮಾರನೆಯ ದಿನ ಚೆನ್ನಾಗಿ ಕುದಿಸಿ ಉಣ್ಣಿ. ಹುಳಿ ವಾಸನೆ ಬಂದರೆ, ನೊರೆ ಬಂದರೆ ಚೆಲ್ಲಿಬಿಡಿ.

ಓದಿ, ಬರೆಯಿರಿ

ಶೇಂಗಾ. ಹುರಿಗಡಲೆ. ಕೊತ್ತಂಬರಿ. ಬ್ಯಾಡಗಿ. ಬೂಷ್ಟು. ಪೊಟ್ಟಣ. ಲಿವರ್.

ಈ ಪಾಠದಲ್ಲಿ ಆರು ಜನರಿಗೆ ಸಾರು ಮಾಡಿದೆವು. ಜಾತ್ರೆಗೆ ಹನ್ನೆರಡು ಜನ ಬಂದರೆ ಈರುಳ್ಳಿ ಎಷ್ಟು? ಶೇಂಗಾ ಎಷ್ಟು ಗ್ರಾಂ? ಬಿಸಿನೀರು ಎಷ್ಟು ಲೋಟ?

ನಿಮ್ಮ ಮನೆಯಲ್ಲಿ ಎಷ್ಟು ಜನ? ಎಲ್ಲರ ಹೆಸರು ಬರೆಯಿರಿ. ಒಬ್ಬೊಬ್ಬರ ಹೆಸರಿನ ಮುಂದೆ, ಹೋದ ಸಲ ಅವರಿಗೆ ಎಷ್ಟು ತುಂಡು ಬಂತು ಎಂದು ಅಂಕಿಯಲ್ಲಿ ಬರೆಯಿರಿ. ನಿಮ್ಮ ಹೆಸರನ್ನೂ ಬರೆಯಿರಿ.